ಹೆಲಿಕಾಪ್ಟರ್ ಕೇಳಬೇಡಿ, ನೀರು ಕೇಳಿ: ವಿಪತ್ತಿನ ನೆಲದಲ್ಲಿ ಪರದೇಶದ ಸೇನೆ

2005ರ ಜನವರಿ 4. ಹಿಂದೂ ಮಹಾಸಾಗರದ ಸುನಾಮಿ ಅಪ್ಪಳಿಸಿ ಒಂಬತ್ತು ದಿನವಾಗಿತ್ತು. ಇಂಡೊನೇಷ್ಯಾದ ಬಂದಾ ಅಚೆ ವಿಮಾನ ನಿಲ್ದಾಣದಲ್ಲಿ ಪರಿಹಾರ ಸಾಮಗ್ರಿ ತಂದ ಬೋಯಿಂಗ್ 737 ಸರಕು ವಿಮಾನವೊಂದು ಇಳಿಯುವಾಗ, ರನ್‌ವೇಗೆ ನುಗ್ಗಿದ್ದ ಎಮ್ಮೆಗೆ ಬಡಿಯಿತು. ವಿಮಾನ ಅಲ್ಲೇ ಕುಸಿದು ಕುಳಿತಿತು. ಇದ್ದದ್ದು ಒಂದೇ ರನ್‌ವೇ. ತೀರದಾಚೆ ನಿಂತಿದ್ದ ಅಮೆರಿಕದ ವಿಮಾನವಾಹಕ ನೌಕೆ ಅಬ್ರಹಾಂ ಲಿಂಕನ್‌ನಿಂದ ಹೆಲಿಕಾಪ್ಟರ್‌ಗಳು ಹಾರಾಡುತ್ತಲೇ ಇದ್ದವು. ಆದರೆ ದೊಡ್ಡ ವಿಮಾನಗಳು ಹಲವು ಗಂಟೆಗಳ ಕಾಲ ಇಳಿಯುವಂತಿರಲಿಲ್ಲ. ಜಗತ್ತೆಲ್ಲ ಕೊಡಲು ತುದಿಗಾಲಲ್ಲಿ ನಿಂತಿತ್ತು, ಒಳಗೆ ಬರುವ ಬಾಗಿಲು ಒಂದೇ ಇತ್ತು, ಆ ಬಾಗಿಲಿಗೆ ಒಂದು ವಿಮಾನ ಅಡ್ಡ ಮಲಗಿತ್ತು.

‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬ ಗಾದೆ ಇಲ್ಲಿ ನೆನಪಾಗುತ್ತದೆ. ಅದಕ್ಕೆ ಕಾರಣ ಆ ಎಮ್ಮೆಯಲ್ಲ, ಅಲ್ಲಿ ನೆರೆದಿದ್ದ ಜನ. ಸುನಾಮಿಯ ನಂತರ ಮೂವತ್ತಕ್ಕೂ ಹೆಚ್ಚು ದೇಶಗಳ ಸೇನೆಗಳು ಪರಿಹಾರಕ್ಕೆ ಇಳಿದವು. ತಾನೇ ಪೆಟ್ಟು ತಿಂದಿದ್ದ ಭಾರತವೂ ಶ್ರೀಲಂಕಾ, ಮಾಲ್ದೀವ್ಸ್ ಮತ್ತು ಇಂಡೊನೇಷ್ಯಾಗಳಿಗೆ ನೌಕಾಪಡೆಯ ಹಡಗುಗಳನ್ನು ಕಳುಹಿಸಿತು. ಸಮುದ್ರದ ಸಮೀಕ್ಷೆಗೆಂದು ಇದ್ದ ಐಎನ್‌ಎಸ್ ನಿರೂಪಕ್ ಹಡಗನ್ನು ಆಸ್ಪತ್ರೆಯಾಗಿ ಮಾರ್ಪಡಿಸಲಾಯಿತು. ಇವುಗಳ ಜೊತೆಗೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ರೆಡ್‌ಕ್ರಾಸ್, ನೂರಾರು ಸ್ವಯಂಸೇವಾ ಸಂಸ್ಥೆಗಳು. ಒಬ್ಬೊಬ್ಬರಿಗೂ ಅವರದೇ ಮೇಲಧಿಕಾರಿ, ಅವರದೇ ನಕ್ಷೆ, ಅವರದೇ ರೇಡಿಯೊ. ಇವರೆಲ್ಲ ಒಂದೇ ದಿಕ್ಕಿಗೆ ಎಳೆಯುವಂತೆ ಮಾಡುವ ಕೆಲಸಕ್ಕೆ ‘ನಾಗರಿಕ–ಸೇನಾ ಸಮನ್ವಯ’ ಎಂಬ ಒಣ ಹೆಸರಿದೆ. ಹೆಸರು ಒಣಗಿದ್ದರೂ ಒಳಗಿನ ಜಗಳಗಳು ತೀರಾ ಹಸಿಯಾಗಿವೆ.

ಮೊದಲಿಗೆ, ಪರಿಹಾರಕ್ಕೆ ಸೇನೆಯೇ ಏಕೆ? ಯುದ್ಧಕ್ಕೆಂದು ಕಟ್ಟಿದ ಸೇನೆಯ ಬಳಿ ವಿಪತ್ತಿಗೆ ಬೇಕಾದದ್ದೆಲ್ಲ ಇರುತ್ತದೆ. ರಸ್ತೆಯಿಲ್ಲದೆಡೆ ಇಳಿಯುವ ಹೆಲಿಕಾಪ್ಟರ್, ಬಂದರಿಲ್ಲದ ದಡಕ್ಕೆ ಸಾಮಾನು ಇಳಿಸುವ ಹಡಗು, ಕೆಲವೇ ಗಂಟೆಗಳಲ್ಲಿ ಎಬ್ಬಿಸಬಹುದಾದ ಡೇರೆ ಆಸ್ಪತ್ರೆ, ತನ್ನದೇ ವಿದ್ಯುತ್, ತನ್ನದೇ ಊಟ. ಎಲ್ಲಕ್ಕಿಂತ ಮುಖ್ಯವಾಗಿ, ಆದೇಶಕ್ಕೆ ಕಾಯುತ್ತಿರುವ ಸಿಬ್ಬಂದಿ. ನಾಗರಿಕ ಸಂಸ್ಥೆಯೊಂದು ವಿಮಾನವನ್ನು ಬಾಡಿಗೆಗೆ ಹುಡುಕಬೇಕು, ಅದಕ್ಕೆ ಹಣ ಹೊಂದಿಸಬೇಕು, ವಿಮೆ ಮಾಡಿಸಬೇಕು. ಸೇನೆಗೆ ಒಂದು ಆದೇಶ ಸಾಕು. 2019ರ ಮಾರ್ಚ್‌ನಲ್ಲಿ ಇಡಾಯಿ ಚಂಡಮಾರುತ ಮೊಜಾಂಬಿಕ್‌ನ ಬೈರಾ ಬಂದರನ್ನು ಹೊಡೆದಾಗ, ತರಬೇತಿ ಯಾನದಲ್ಲಿದ್ದ ಭಾರತದ ಮೂರು ಹಡಗುಗಳು ದಾರಿ ಬದಲಿಸಿ ಅಲ್ಲಿಗೆ ಹೋದವು. ಮೊದಲ ಎರಡು ವಾರಗಳಲ್ಲಿ ಈ ವೇಗಕ್ಕೆ ಸಾಟಿಯಾದದ್ದು ಬೇರೊಂದಿಲ್ಲ.

ಹಾಗಿದ್ದರೆ ಎಲ್ಲವನ್ನೂ ಸೇನೆಗೇ ಒಪ್ಪಿಸಬಾರದೇಕೆ? ಹೊತ್ತುಕೊಂಡು ಹೋಗುವುದರಲ್ಲಿ ಸೇನೆ ನಿಪುಣ. ಯಾರಿಗೆ ಏನು ಬೇಕು ಎಂದು ತಿಳಿಯುವುದರಲ್ಲಿ ಅಷ್ಟಲ್ಲ. ಇವತ್ತು ಎಷ್ಟು ಟನ್ ಇಳಿಸಿದೆವು, ಎಷ್ಟು ಬಾರಿ ಹಾರಿದೆವು ಎಂಬುದು ಸೇನೆಯ ಲೆಕ್ಕ. ಯಾರಿಗೆ ಇನ್ನೂ ತಲುಪಿಲ್ಲ ಎಂಬುದು ಪರಿಹಾರ ಸಂಸ್ಥೆಯ ಲೆಕ್ಕ. ಇವೆರಡೂ ಎಷ್ಟೋ ಸಲ ಒಂದನ್ನೊಂದು ಮುಟ್ಟುವುದೇ ಇಲ್ಲ. ಹೆಲಿಕಾಪ್ಟರ್ ಬಯಲಿನಲ್ಲಿ ಇಳಿದಾಗ ಮೊದಲು ಓಡಿ ಬರುವವರು ಗಟ್ಟಿ ಕಾಲಿನ ಯುವಕರು. ಬಾಣಂತಿ, ವೃದ್ಧೆ, ಕಾಲು ಮುರಿದವರು ಆ ಓಟದಲ್ಲಿ ಇರುವುದಿಲ್ಲ. ಡೇರೆ ಆಸ್ಪತ್ರೆಯದ್ದೂ ಇದೇ ಕತೆ. ಅದು ಗಾಯಕ್ಕೆ ಸಜ್ಜಾಗಿ ಬರುತ್ತದೆ, ಆದರೆ ಒಂದು ವಾರ ಕಳೆಯುವಷ್ಟರಲ್ಲಿ ಸಾಲಿನಲ್ಲಿ ನಿಂತವರಲ್ಲಿ ಭೇದಿಯ ಮಕ್ಕಳು, ಹೆರಿಗೆಗೆ ಬಂದವರು, ಮಾತ್ರೆ ಕಳೆದುಕೊಂಡ ಮಧುಮೇಹಿಗಳು ಹೆಚ್ಚಾಗಿರುತ್ತಾರೆ.

ಇಲ್ಲಿಗೆ ಬರುತ್ತದೆ ಈ ಕ್ಷೇತ್ರದ ಮೂಲ ಪಾಠ, ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತ ಪಾಠ: ಸೇನೆಯ ಬಳಿ ಉಪಕರಣ ಕೇಳಬಾರದು, ಆಗಬೇಕಾದ ಕೆಲಸ ಹೇಳಬೇಕು. ಒಂದು ಲೆಕ್ಕ ಹಾಕಿ ನೋಡೋಣ. ಸೇತುವೆ ಕೊಚ್ಚಿಹೋಗಿ 5,000 ಜನ ಆಚೆ ದಡದಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದುಕೊಳ್ಳಿ. ಮಾನವೀಯ ನೆರವಿನಲ್ಲಿ ಎಲ್ಲರೂ ಅನುಸರಿಸುವ ಸ್ಫಿಯರ್ ಮಾನದಂಡದ ಪ್ರಕಾರ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು. ಅಂದರೆ 75,000 ಲೀಟರ್, ತೂಕದಲ್ಲಿ 75 ಟನ್. ಎಂಐ-17 ಹೆಲಿಕಾಪ್ಟರ್ ಒಂದು ಸಲಕ್ಕೆ ಹೊರುವುದು ಹೆಚ್ಚೆಂದರೆ ಸುಮಾರು 4 ಟನ್. ದಿನಕ್ಕೆ ಹತ್ತೊಂಬತ್ತು ಸುತ್ತು ಹಾರಬೇಕು, ನಾಳೆ ಮತ್ತೆ ಹತ್ತೊಂಬತ್ತು. ಪರಿಹಾರ ಸಂಸ್ಥೆಯವರು ಗಾಬರಿಯಲ್ಲಿ ‘ಎರಡು ಹೆಲಿಕಾಪ್ಟರ್ ಕೊಡಿ’ ಎಂದರೆ, ಸೇನಾಧಿಕಾರಿ ಎರಡನ್ನು ಕೊಡುತ್ತಾನೆ ಅಥವಾ ಇಲ್ಲವೆನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯುತ್ತದೆ. ಅದರ ಬದಲು ‘ಇಂಥ ಊರಿನ 5,000 ಜನರಿಗೆ ನಾಳೆಯಿಂದ ದಿನಕ್ಕೆ 75 ಟನ್ ಕುಡಿಯುವ ನೀರು ಸಿಗಬೇಕು’ ಎಂದರೆ ಅದೇ ಅಧಿಕಾರಿ ಬೇರೆ ರೀತಿಯಲ್ಲಿ ಯೋಚಿಸುತ್ತಾನೆ. ನೀರು ಶುದ್ಧೀಕರಿಸುವ ಘಟಕವನ್ನು ಒಂದೇ ಸಲ ಆಚೆಗೆ ಎತ್ತಿ ಇಟ್ಟರೆ ಸಾಲದೇ? ಎಂಜಿನಿಯರ್ ದಳ ಬೈಲಿ ಸೇತುವೆ ಜೋಡಿಸಿದರೆ ಟ್ಯಾಂಕರ್‌ಗಳೇ ಹೋಗಬಹುದಲ್ಲ? ಬೈಲಿ ಸೇತುವೆ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಕಂಡುಹಿಡಿದ ಜೋಡಣೆ. ಟ್ಯಾಂಕ್‌ಗಳನ್ನು ದಾಟಿಸಲು ಹುಟ್ಟಿದ್ದು, ಆಮೇಲೆ ದಾಟಿಸಿದ ನೀರಿನ ಲಾರಿಗಳೇ ಹೆಚ್ಚೇನೋ.

ಸೇನೆಗೆ ಗುರಿ ಹೇಳಿದರೆ ದಾರಿ ಹುಡುಕುವುದು ಅದರ ರಕ್ತದಲ್ಲೇ ಇದೆ. ದಾರಿಯನ್ನೇ ಹೇಳಿಕೊಡಲು ಹೊರಟ ನಾಗರಿಕ ಅದರ ಬಲವನ್ನು ಅರ್ಧಕ್ಕಿಳಿಸುತ್ತಾನೆ. ಸಮನ್ವಯಾಧಿಕಾರಿ ಎಂಬುವನ ಕೆಲಸ ಹೆಚ್ಚಾಗಿ ಇದೇ, ದುಭಾಷಿಯ ಕೆಲಸ. ಒಂದು ಕಡೆಯ ಕಷ್ಟವನ್ನು ಇನ್ನೊಂದು ಕಡೆಯ ಕೋರಿಕೆ ಪತ್ರವಾಗಿ ಬರೆಯುವುದು: ಏನು, ಎಷ್ಟು, ಎಲ್ಲಿಂದ ಎಲ್ಲಿಗೆ, ಯಾವಾಗಿನಿಂದ, ಇಳಿಸಿಕೊಳ್ಳಲು ಅಲ್ಲಿ ಯಾರಿರುತ್ತಾರೆ. ಕೊನೆಯ ಪ್ರಶ್ನೆಯನ್ನು ಮರೆತವರು ಬಹಳ. ಆಮೇಲೆ ಬಯಲಿನಲ್ಲಿ ಮೂಟೆಗಳು ಮಳೆಗೆ ನೆನೆಯುತ್ತ ಬಿದ್ದಿರುತ್ತವೆ.

ಇದಕ್ಕೆಲ್ಲ ಬರೆದಿಟ್ಟ ನಿಯಮವೂ ಇದೆ. 1994ರಲ್ಲಿ ರೂಪುಗೊಂಡು 2007ರಲ್ಲಿ ಪರಿಷ್ಕರಣೆಯಾದ ‘ಓಸ್ಲೊ ಮಾರ್ಗಸೂಚಿ’ಗಳು ಶಾಂತಿಕಾಲದ ವಿಪತ್ತಿನಲ್ಲಿ ವಿದೇಶಿ ಸೇನೆಯನ್ನು ಹೇಗೆ ಬಳಸಬೇಕೆಂದು ಹೇಳುತ್ತವೆ. ಯುದ್ಧ, ಅಂತರ್ಯುದ್ಧ ನಡೆಯುತ್ತಿರುವ ಕಡೆಗೆ 2003ರ ಇನ್ನೊಂದು ಮಾರ್ಗಸೂಚಿ ಇದೆ, ಅದು ಹೆಚ್ಚು ಕಟ್ಟುನಿಟ್ಟು. ಎರಡರ ತಿರುಳೂ ‘ಕೊನೆಯ ಉಪಾಯ’ ಎಂಬ ಮಾತು. ಇದನ್ನು ‘ಎಲ್ಲ ಕೈಚೆಲ್ಲಿದ ಮೇಲೆ ಸೇನೆಯನ್ನು ಕರೆಯಿರಿ’ ಎಂದು ಓದಿದರೆ ತಪ್ಪು. ಅದೇ ಕೆಲಸವನ್ನು ಅದೇ ಹೊತ್ತಿಗೆ ಮಾಡಬಲ್ಲ ನಾಗರಿಕ ವ್ಯವಸ್ಥೆ ಇಲ್ಲದಿದ್ದರೆ ಸೇನೆ ಬರಲಿ ಎಂಬುದು ಅದರ ಅರ್ಥ. ಹಾಗಾಗಿ ಕೊನೆಯ ಉಪಾಯ ಮೊದಲ ದಿನವೇ ಬೇಕಾಗಬಹುದು. ಮಾತಿನಲ್ಲಿ ವಿರೋಧಾಭಾಸ ಕಂಡರೂ ಕೆಲಸದಲ್ಲಿ ಇಲ್ಲ. ನಿಯಮ ಮಾತಾಡುವುದು ವಿದೇಶಿ ಸೇನೆಯ ಬಗ್ಗೆ ಮಾತ್ರ ಎಂಬುದನ್ನೂ ಗಮನಿಸಬೇಕು. ಏಷ್ಯಾದ ಬಹುತೇಕ ದೇಶಗಳಲ್ಲಿ ನೆರೆ, ಭೂಕಂಪ ಬಂದರೆ ಮೊದಲು ಓಡಿ ಬರುವುದೇ ಅಲ್ಲಿನ ಸೇನೆ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಸೇನೆಯ ನೆರವನ್ನು ಈ ಮಾರ್ಗಸೂಚಿಗಳು ಮೂರು ಪದರಗಳಾಗಿ ನೋಡುತ್ತವೆ. ಸಂತ್ರಸ್ತರ ಕೈಗೆ ನೇರವಾಗಿ ಸಾಮಾನು ಕೊಡುವುದು ಒಂದು. ಒಂದು ಹೆಜ್ಜೆ ಹಿಂದೆ ನಿಂತು, ಹಂಚುವವರಿಗೆ ಸಾಮಾನು ಸಾಗಿಸಿ ಕೊಡುವುದು ಇನ್ನೊಂದು. ರಸ್ತೆ ದುರಸ್ತಿ, ವಿಮಾನ ಸಂಚಾರ ನಿಯಂತ್ರಣ, ವಿದ್ಯುತ್‌ನಂತಹ ಬೆನ್ನಹಿಂದಿನ ಕೆಲಸ ಮೂರನೆಯದು. ಸಮವಸ್ತ್ರ ಸಂತ್ರಸ್ತರಿಂದ ದೂರವಿದ್ದಷ್ಟೂ ತೊಡಕು ಕಡಿಮೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ದೂರದರ್ಶನ ಕ್ಯಾಮೆರಾಗಳಿಗೆ ಬೇಕಾದದ್ದು ಮಾತ್ರ ಮೊದಲನೆಯದು. ಯೋಧನ ಕೈಯಿಂದ ಮಗುವಿನ ಕೈಗೆ ಬಿಸ್ಕತ್ತು ಹೋಗುವ ಚಿತ್ರ ಮರುದಿನದ ಪತ್ರಿಕೆಗೆ ಸಿಗುತ್ತದೆ. ರನ್‌ವೇಗೆ ತೇಪೆ ಹಾಕಿದ ಎಂಜಿನಿಯರ್‌ನ ಚಿತ್ರವನ್ನು ಯಾರೂ ಅಚ್ಚು ಮಾಡುವುದಿಲ್ಲ.

ಸಮವಸ್ತ್ರದ ಬಗ್ಗೆ ಇಷ್ಟೊಂದು ಅಳುಕು ಏಕೆ ಎಂದು ಕೇಳುವವರು ಆಫ್ಘಾನಿಸ್ತಾನವನ್ನು ನೋಡಬೇಕು. 2001ರಲ್ಲಿ ಅಮೆರಿಕದ ವಿಮಾನಗಳು ಅಲ್ಲಿ ಬಾಂಬನ್ನೂ ಆಹಾರದ ಪೊಟ್ಟಣವನ್ನೂ ಎರಡನ್ನೂ ಹಾಕಿದವು. ಪೊಟ್ಟಣದ ಬಣ್ಣ ಹಳದಿ. ಸಿಡಿಯದೆ ನೆಲದಲ್ಲಿ ಉಳಿದ ಕ್ಲಸ್ಟರ್ ಬಾಂಬಿನ ಮರಿಗುಂಡುಗಳ ಬಣ್ಣವೂ ಹಳದಿ. ರೇಡಿಯೊದಲ್ಲಿ ಎಚ್ಚರಿಕೆ ಬಿತ್ತರಿಸಬೇಕಾಯಿತು, ಪೊಟ್ಟಣದ ಬಣ್ಣವನ್ನು ನೀಲಿಗೆ ಬದಲಿಸಬೇಕಾಯಿತು. 2004ರಲ್ಲಿ ಅದೇ ದೇಶದ ದಕ್ಷಿಣ ಭಾಗದಲ್ಲಿ ಮಿತ್ರಪಡೆಗಳು ಕರಪತ್ರ ಹಂಚಿದವು: ನೆರವು ಮುಂದುವರಿಯಬೇಕಾದರೆ ತಾಲಿಬಾನ್ ಬಗ್ಗೆ ಮಾಹಿತಿ ಕೊಡಿ ಎಂಬುದು ಅದರ ಸಾರ. ಗಡಿಗಳಿಲ್ಲದ ವೈದ್ಯರ ಸಂಸ್ಥೆ ಇದನ್ನು ಬಲವಾಗಿ ಖಂಡಿಸಿತು. ಅದೇ ವರ್ಷದ ಜೂನ್‌ನಲ್ಲಿ ಆ ಸಂಸ್ಥೆಯ ಐವರು ಸಿಬ್ಬಂದಿ ಕೊಲೆಯಾದರು. ಇಪ್ಪತ್ನಾಲ್ಕು ವರ್ಷ ಅಲ್ಲಿ ದುಡಿದಿದ್ದ ಸಂಸ್ಥೆ ದೇಶ ಬಿಟ್ಟು ಹೊರಟಿತು. ಔಷಧಿಯ ಪೆಟ್ಟಿಗೆ ಒಂದು ಪಕ್ಷದ್ದು ಎಂದು ಜನ ನಂಬಿಬಿಟ್ಟರೆ, ಅದನ್ನು ಹೊತ್ತವನಿಗೆ ರಕ್ಷಣೆಯಿಲ್ಲ. ಮಾನವೀಯತೆ, ತಟಸ್ಥತೆ, ನಿಷ್ಪಕ್ಷಪಾತ ಎಂಬ ಪದಗಳು ಓದಲು ಉಪದೇಶದಂತೆ ಕಂಡರೂ ಆ ಕೆಲಸದಲ್ಲಿರುವವರಿಗೆ ಅವು ಗುಂಡು ನಿರೋಧಕ ಕವಚ.

ಇನ್ನು ಒಪ್ಪಿಗೆಯ ಪ್ರಶ್ನೆ. ವಿಶ್ವಸಂಸ್ಥೆಯ ಮಹಾಸಭೆ 1991ರಲ್ಲಿ ಅಂಗೀಕರಿಸಿದ 46/182ನೇ ನಿರ್ಣಯ ಸಂತ್ರಸ್ತ ದೇಶದ ಸಾರ್ವಭೌಮತ್ವವನ್ನು ಗೌರವಿಸಬೇಕು, ಅದರ ಒಪ್ಪಿಗೆಯೊಂದಿಗೆ ನೆರವು ನೀಡಬೇಕು ಎನ್ನುತ್ತದೆ. ಬೇರೆ ದೇಶದ ವೈದ್ಯರನ್ನು ಒಳಗೆ ಬಿಡುವುದು ಒಂದು ಮಾತು, ಬೇರೆ ದೇಶದ ಸೈನಿಕರನ್ನು ಬಿಡುವುದು ಬೇರೆಯೇ ಮಾತು. 2008ರ ಮೇ ತಿಂಗಳಲ್ಲಿ ನರ್ಗಿಸ್ ಚಂಡಮಾರುತಕ್ಕೆ ಮ್ಯಾನ್ಮಾರ್‌ನಲ್ಲಿ ಸುಮಾರು 1,38,000 ಜನ ಸತ್ತರು ಅಥವಾ ಕಾಣೆಯಾದರು. ಅಮೆರಿಕದ ಎಸೆಕ್ಸ್, ಫ್ರಾನ್ಸಿನ ಮಿಸ್ತ್ರಾಲ್ ಹಡಗುಗಳು ಸಾಮಗ್ರಿ ತುಂಬಿಕೊಂಡು ಹತ್ತಿರದಲ್ಲೇ ಕಾದವು. ಅಲ್ಲಿನ ಸೇನಾ ಆಡಳಿತ ದಡಕ್ಕೆ ಬಿಡಲಿಲ್ಲ. ಕೊನೆಗೆ ಮಿಸ್ತ್ರಾಲ್ ತನ್ನ ಸಾಮಾನನ್ನು ಥಾಯ್ಲೆಂಡ್‌ನಲ್ಲಿ ಇಳಿಸಿ, ವಿಶ್ವಸಂಸ್ಥೆಯ ಅಂಗಸಂಸ್ಥೆಯಾದ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ತಲುಪಿಸಲು ಬಿಟ್ಟು ಹೋಯಿತು. ಸಾಮಾನು ಅದೇ, ಹೊರುವ ಹೆಗಲು ಮಾತ್ರ ಬೇರೆ. ಅದೇ ಹೊತ್ತಿನಲ್ಲಿ ಭಾರತದ ರಾಣಾ ಮತ್ತು ಕಿರ್ಪಾನ್ ನೌಕೆಗಳಿಗೆ ಯಾಂಗೂನ್ ಬಂದರು ತೆರೆದಿತ್ತು. ಅಮೆರಿಕದ ಸರಕು ವಿಮಾನಗಳಿಗೂ ಅಲ್ಲಿ ಇಳಿಯಲು ಅವಕಾಶ ಸಿಕ್ಕಿತ್ತು. ಬೇಡವಾಗಿದ್ದದ್ದು ನದೀಮುಖಜ ಭೂಮಿಯ ಮೇಲೆ ತಮ್ಮಿಷ್ಟದಂತೆ ಹಾರಾಡುವ ಪರದೇಶದ ಹೆಲಿಕಾಪ್ಟರ್‌ಗಳು. ಹದಿನೇಳು ವರ್ಷಗಳ ನಂತರ, 2025ರ ಮಾರ್ಚ್ 28ರ ಭೂಕಂಪವಾದಾಗ, ಅದೇ ದೇಶದ ಇನ್ನೊಂದು ಸೇನಾ ಆಡಳಿತ ತಾನಾಗಿಯೇ ನೆರವು ಕೋರಿತು. ಭಾರತೀಯ ಸೇನೆಯ ಡೇರೆ ಆಸ್ಪತ್ರೆ ಮಂಡಲೆಯಲ್ಲಿ ಎದ್ದಿತು. ದೇಶ ಆಗ ಅಂತರ್ಯುದ್ಧದಲ್ಲಿತ್ತು. ಇಂತಹ ಕಡೆ ಓಸ್ಲೊ ಮಾರ್ಗಸೂಚಿ ಅನ್ವಯವೋ 2003ರದೋ ಎಂದು ಕೇಳಿದರೆ ಒಂದೇ ಉತ್ತರ ಸಿಗುವುದು ಕಷ್ಟ.

2005ರ ಕಾಶ್ಮೀರ ಭೂಕಂಪದ ನಂತರ ಪಾಕಿಸ್ತಾನ ಭಾರತದ ಹೆಲಿಕಾಪ್ಟರ್‌ಗಳನ್ನು ಸ್ವೀಕರಿಸಲು ಸಿದ್ಧವಿತ್ತು, ಆದರೆ ಭಾರತೀಯ ಪೈಲಟ್‌ಗಳಿಲ್ಲದೆ. ಪೈಲಟ್ ಇಲ್ಲದೆ ಕಳಿಸಲು ಭಾರತ ಒಪ್ಪಲಿಲ್ಲ. ಚಳಿಗಾಲ ತಲೆಯ ಮೇಲಿತ್ತು, ಹೆಲಿಕಾಪ್ಟರ್ ಇದ್ದವು, ಹಾರಲಿಲ್ಲ. 2015ರ ಭೂಕಂಪದ ನಂತರ ಬ್ರಿಟನ್ ನೇಪಾಳಕ್ಕೆಂದು ಕಳಿಸಿದ ಮೂರು ಚಿನೂಕ್ ಹೆಲಿಕಾಪ್ಟರ್‌ಗಳು ಭಾರತದವರೆಗೆ ಬಂದು, ಅನುಮತಿ ಸಿಗದೆ ಹಿಂದಿರುಗಿದವು. ಅವುಗಳ ರೆಕ್ಕೆಯಿಂದ ಕೆಳಕ್ಕೆ ನುಗ್ಗುವ ಗಾಳಿ ಬಿರುಕು ಬಿಟ್ಟ ಮನೆಗಳನ್ನು ಬೀಳಿಸಬಹುದೆಂಬ ಆತಂಕವೂ ಆಗ ಕೇಳಿಬಂದಿತ್ತು. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂದು ಇದನ್ನು ಬೈಯುವುದು ಸುಲಭ. ಆದರೆ ಸ್ವಂತ ಆಕಾಶದಲ್ಲಿ ಯಾರು ಹಾರಬೇಕು ಎಂದು ತೀರ್ಮಾನಿಸುವ ಹಕ್ಕನ್ನು ಭೂಕಂಪವಾಯಿತೆಂದು ಯಾವ ದೇಶವೂ ಬಿಟ್ಟುಕೊಡುವುದಿಲ್ಲ. ಈ ಹಿಂಜರಿಕೆಯನ್ನು ಮೊದಲೇ ಅರ್ಥಮಾಡಿಕೊಂಡವರೂ ಇದ್ದಾರೆ. 1991ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ಕರಾವಳಿಯನ್ನು ಚಂಡಮಾರುತ ಅಳಿಸಿಹಾಕಿದಾಗ, ಕೊಲ್ಲಿ ಯುದ್ಧ ಮುಗಿಸಿ ಮರಳುತ್ತಿದ್ದ ಅಮೆರಿಕದ ನೌಕಾದಳ ಅತ್ತ ತಿರುಗಿತು. ಹಗಲು ದಡದಲ್ಲಿ ಕೆಲಸ ಮಾಡಿದ ಬಹುತೇಕ ಸೈನಿಕರು ರಾತ್ರಿ ಹಡಗಿಗೆ ಮರಳುತ್ತಿದ್ದರು. ಸಾವಿರಾರು ವಿದೇಶಿ ಸೈನಿಕರು ನೆಲದಲ್ಲಿ ಬೀಡುಬಿಟ್ಟಿದ್ದಾರೆ ಎಂಬ ಭಾವನೆ ಹುಟ್ಟದಂತೆ ನೋಡಿಕೊಂಡ ಈ ಕ್ರಮ ಯಾವ ಒಪ್ಪಂದಕ್ಕಿಂತಲೂ ಚೆನ್ನಾಗಿ ಕೆಲಸ ಮಾಡಿತು.

ಒಪ್ಪಿಗೆ ಸಿಕ್ಕಿದರೂ ಬಾಗಿಲು ಕಿರಿದೇ. 2010ರ ಜನವರಿ 12ರಂದು ಹೈಟಿಯ ರಾಜಧಾನಿ ಪೋರ್ಟೊ ಪ್ರಿನ್ಸ್ ಭೂಕಂಪಕ್ಕೆ ನೆಲಸಮವಾಯಿತು. ಸಮನ್ವಯ ಮಾಡಬೇಕಿದ್ದವರೇ ಅವಶೇಷಗಳಡಿಯಲ್ಲಿದ್ದರು: ವಿಶ್ವಸಂಸ್ಥೆಯ ಕಾರ್ಯಪಡೆಯ ಕೇಂದ್ರ ಕಚೇರಿ ಕುಸಿದು ಅದರ ಮುಖ್ಯಸ್ಥ ಹೆದಿ ಅನ್ನಾಬಿಯವರೂ ಮೃತಪಟ್ಟಿದ್ದರು. ವಿಮಾನ ನಿಲ್ದಾಣದ ಕಂಟ್ರೋಲ್ ಟವರ್ ಕೆಟ್ಟಿತ್ತು. ಅಮೆರಿಕದ ವಾಯುಪಡೆಯ ಸಣ್ಣ ತಂಡವೊಂದು ಮರುದಿನ ಬಂದಿಳಿದು, ರನ್‌ವೇ ಪಕ್ಕದಲ್ಲಿ ಒಂದು ಮಡಚುವ ಮೇಜು ಹಾಕಿ, ಕೈಯಲ್ಲಿ ರೇಡಿಯೊ ಹಿಡಿದು ವಿಮಾನಗಳನ್ನು ಇಳಿಸತೊಡಗಿತು. ದಿನಕ್ಕೆ ನೂರಕ್ಕೂ ಹೆಚ್ಚು ವಿಮಾನಗಳು ಬಂದು ಹೋಗುವಷ್ಟು ಅದು ಬೆಳೆಯಿತು. ತಾಂತ್ರಿಕವಾಗಿ ಇದು ಅದ್ಭುತ ಕೆಲಸ, ಅನುಮಾನವಿಲ್ಲ. ಆದರೆ ಯಾವ ವಿಮಾನ ಮೊದಲು ಇಳಿಯಬೇಕು ಎಂಬ ಪ್ರಶ್ನೆ ತಾಂತ್ರಿಕವಲ್ಲ. ಗಾಳಿ ತುಂಬಿ ನಿಲ್ಲಿಸುವ ಆಸ್ಪತ್ರೆಯ ಸಾಮಾನು ಹೊತ್ತಿದ್ದ ಗಡಿಗಳಿಲ್ಲದ ವೈದ್ಯರ ವಿಮಾನಕ್ಕೆ ಇಳಿಯಲು ಅವಕಾಶ ಸಿಗದೆ ನೆರೆಯ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಬೇಕಾಯಿತು. ಅಲ್ಲಿಂದ ಸಾಮಾನು ಲಾರಿಯಲ್ಲಿ ಬರಬೇಕಾಯಿತು. ಸೇನೆಯ ವಾದವೂ ಸುಳ್ಳಲ್ಲ: ಮೊದಲು ಭದ್ರತೆ, ಸಂಪರ್ಕ, ಇಳಿಸುವ ಯಂತ್ರಗಳು ಬಾರದಿದ್ದರೆ ಮುಂದಿನ ವಿಮಾನಗಳು ಬಂದರೂ ಪ್ರಯೋಜನವಿಲ್ಲ. ವೈದ್ಯರ ವಾದವೂ ಸುಳ್ಳಲ್ಲ: ಕಳೆದ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಸಿಗದೆ ಜನ ಸಾಯುತ್ತಿದ್ದಾರೆ. ಮೇಜಿನ ಬಳಿ ರೇಡಿಯೊ ಹಿಡಿದು ಕುಳಿತ ಯೋಧನಿಗೆ ಈ ಎರಡನ್ನು ತೂಗುವ ಅಧಿಕಾರವೂ ಇರಲಿಲ್ಲ, ಮಾಹಿತಿಯೂ ಇರಲಿಲ್ಲ. ಕೆಲವು ದಿನಗಳ ನಂತರ ವಿಶ್ವ ಆಹಾರ ಕಾರ್ಯಕ್ರಮದೊಂದಿಗೆ ಮಾತುಕತೆಯಾಗಿ ಮಾನವೀಯ ನೆರವಿನ ವಿಮಾನಗಳಿಗೆ ಆದ್ಯತೆ ಸಿಕ್ಕಿತು. ಅದೇ ಪಟ್ಟಿ ಮೊದಲ ದಿನವೇ ಇರಬೇಕಿತ್ತು ಎನ್ನುವುದು ಸುಲಭ. ಪಟ್ಟಿ ಮಾಡಬೇಕಿದ್ದವರು ಎಲ್ಲಿದ್ದರು ಎಂಬುದನ್ನು ಮೇಲೆ ಹೇಳಿದ್ದೇನೆ.

ನೇಪಾಳ ಈ ವಿಷಯದಲ್ಲಿ ಸ್ವಲ್ಪ ಅದೃಷ್ಟಶಾಲಿ, ಸ್ವಲ್ಪ ಜಾಣ. ಕಠ್ಮಂಡುವಿನ ತ್ರಿಭುವನ್ ನಿಲ್ದಾಣಕ್ಕೂ ಒಂದೇ ರನ್‌ವೇ. ಭೂಕಂಪವಾದದ್ದು 2015ರ ಏಪ್ರಿಲ್ 25ರಂದು. ಅದಕ್ಕೆ ಕೇವಲ ಒಂದು ತಿಂಗಳ ಹಿಂದೆ ಅಲ್ಲಿ ಪರಿಹಾರ ಸಾಮಗ್ರಿಯನ್ನು ಇಳಿಸಿ, ವಿಂಗಡಿಸಿ ಸಾಗಿಸಲೆಂದೇ ಒಂದು ಅಂಗಳ ಸಿದ್ಧವಾಗಿತ್ತು. ವಿಶ್ವ ಆಹಾರ ಕಾರ್ಯಕ್ರಮದವರು ಮನೆಗೆ ಬೆಂಕಿ ಬೀಳುವ ಮೊದಲೇ ಬಾವಿ ತೋಡಿದ್ದರು. ನೇಪಾಳದ ಸೇನೆ ತನ್ನ ಅಂಗಳದಲ್ಲೇ ಬಹುರಾಷ್ಟ್ರೀಯ ಸೇನಾ ಸಮನ್ವಯ ಕೇಂದ್ರವೊಂದನ್ನು ತೆರೆದು, ಬಂದ ಎಲ್ಲ ವಿದೇಶಿ ಸೇನೆಗಳಿಗೂ ಅಲ್ಲಿಂದಲೇ ಕೆಲಸ ಹಂಚಿತು. ಭಾರತ, ಚೀನಾ, ಪಾಕಿಸ್ತಾನ, ಅಮೆರಿಕ ಎಲ್ಲವೂ ಅತಿಥಿಗಳು, ಯಜಮಾನಿಕೆ ಮನೆಯವರದು. ವಿಶ್ವಸಂಸ್ಥೆಯ ಸಮನ್ವಯಾಧಿಕಾರಿಗಳು ಆ ಕೇಂದ್ರಕ್ಕೂ ಪರಿಹಾರ ಸಂಸ್ಥೆಗಳಿಗೂ ನಡುವೆ ಕೊಂಡಿಯಾದರು. ಹಾಗಿದ್ದರೂ ಭಾರಿ ವಿಮಾನಗಳ ಓಡಾಟಕ್ಕೆ ರನ್‌ವೇ ಹದಗೆಟ್ಟು, ಮೇ 3ರಂದು ದೊಡ್ಡ ವಿಮಾನಗಳನ್ನು ತಡೆಯಬೇಕಾಯಿತು. ಬಾಗಿಲು ಅಗಲವಾಗಲಿಲ್ಲ, ಸಾಲು ಮಾತ್ರ ನೆಟ್ಟಗಾಗಿತ್ತು.

ಕಾಗದಪತ್ರಗಳ ವಿಷಯವನ್ನು ಬೇಗ ಮುಗಿಸುತ್ತೇನೆ, ಅದು ಬೇಸರದ್ದು. ಆದರೆ ನಿಜವಾದ ವಿಳಂಬ ಅಡಗಿರುವುದು ಅಲ್ಲೇ. ಸೈನಿಕರಿಗೆ ವೀಸಾ ಬೇಕೇ? ಆಯುಧ ತರಬಹುದೇ? ಅವರ ವಾಹನ ಅಪಘಾತ ಮಾಡಿದರೆ ಯಾವ ದೇಶದ ನ್ಯಾಯಾಲಯ? ಸೇನಾ ವೈದ್ಯರ ಪದವಿಗೆ ಇಲ್ಲಿ ಮಾನ್ಯತೆ ಇದೆಯೇ? ಅವರ ರೇಡಿಯೊ ಯಾವ ತರಂಗಾಂತರ ಬಳಸಬೇಕು? ಔಷಧಕ್ಕೆ ಸುಂಕವೇ? ಸೈನಿಕರ ಕಾನೂನು ಸ್ಥಾನಮಾನಕ್ಕೆ ದೇಶದೇಶಗಳ ನಡುವೆ ಪ್ರತ್ಯೇಕ ಒಪ್ಪಂದಗಳಿರುತ್ತವೆ. ಉಳಿದ ಹಲವು ತೊಡಕುಗಳಿಗೆ ಮಾದರಿ ಉತ್ತರವನ್ನು ರೆಡ್‌ಕ್ರಾಸ್ ಚಳವಳಿ 2007ರಲ್ಲಿ ಒಂದು ಮಾರ್ಗಸೂಚಿಯಾಗಿ ಕೊಟ್ಟಿತು. ಆಸಿಯಾನ್ ದೇಶಗಳು 2005ರಲ್ಲೇ ತಮ್ಮೊಳಗೆ ಒಪ್ಪಂದ ಮಾಡಿಕೊಂಡವು, 2011ರಲ್ಲಿ ಜಕಾರ್ತದಲ್ಲಿ ಅದಕ್ಕೊಂದು ಕೇಂದ್ರವೂ ಶುರುವಾಯಿತು.

ಬರುವುದರ ಬಗ್ಗೆ ಇಷ್ಟೆಲ್ಲ ಚರ್ಚೆಯಾದರೂ ಹೋಗುವುದರ ಬಗ್ಗೆ ಮಾತು ಕಡಿಮೆ. ಬಂದಾ ಅಚೆ ಇರುವ ಅಚೆ ಪ್ರಾಂತ್ಯದಲ್ಲಿ ಸುನಾಮಿಗೆ ಮೊದಲೇ ಪ್ರತ್ಯೇಕತಾವಾದಿಗಳೊಂದಿಗೆ ಸಂಘರ್ಷ ನಡೆಯುತ್ತಿತ್ತು. ಇಂಡೊನೇಷ್ಯಾ ಸರ್ಕಾರ ಜನವರಿಯಲ್ಲೇ, ವಿದೇಶಿ ಸೇನೆಗಳು ಮಾರ್ಚ್ ಕೊನೆಯೊಳಗೆ ಹೊರಡಬೇಕೆಂದು ಸೂಚಿಸಿತು. ಅಬ್ರಹಾಂ ಲಿಂಕನ್ ಫೆಬ್ರವರಿಯ ಆರಂಭದಲ್ಲೇ ಹೊರಟಿತು. ಸೇನೆಯ ಆಸ್ಪತ್ರೆಗಳು ಸಾಮಾನ್ಯವಾಗಿ ಅಲ್ಪಾಯುಷಿಗಳು; 2023ರ ಫೆಬ್ರವರಿಯಲ್ಲಿ ಟರ್ಕಿಯ ಇಸ್ಕೆಂದೆರುನ್‌ನಲ್ಲಿ ಭಾರತೀಯ ಸೇನೆ ತೆರೆದ 30 ಹಾಸಿಗೆಗಳ ಆಸ್ಪತ್ರೆಯೂ ಎರಡು ವಾರದೊಳಗೆ ತನ್ನ ಕೆಲಸ ಮುಗಿಸಿತು. ಇದರಲ್ಲಿ ತಪ್ಪೇನಿಲ್ಲ, ಸೇನೆ ಇರಬೇಕಾದದ್ದೇ ಅಷ್ಟು. ತೊಂದರೆಯಾಗುವುದು ನೀರಿನ ಘಟಕವನ್ನು ನಂಬಿ ಜನ ಹಳೆಯ ಬಾವಿಯನ್ನು ಬಿಟ್ಟಿರುವಾಗ, ಹೆಲಿಕಾಪ್ಟರ್ ನಂಬಿ ರಸ್ತೆ ದುರಸ್ತಿಯನ್ನು ಮುಂದೂಡಿರುವಾಗ. ಆದ್ದರಿಂದ ನುರಿತ ಸಮನ್ವಯಾಧಿಕಾರಿ ಮೊದಲ ದಿನದ ಕೋರಿಕೆ ಪತ್ರದಲ್ಲೇ ಎರಡು ಸಾಲು ಹೆಚ್ಚಿಗೆ ಬರೆಸುತ್ತಾನೆ: ಈ ನೀರು ಯಾವ ದಿನಾಂಕದವರೆಗೆ, ಮರುದಿನದಿಂದ ಯಾರು.